ತಲೆಗೆ ಎರೆದ ಬಿಸಿನೀರು ಮತ್ತು ಮಕ್ಕಳ ಮೂರ್ಛೆ

ವಾರಕ್ಕೊಮ್ಮೆ ತಲೆಗೆ ಎರೆಯುವುದು ನಮ್ಮ ನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹಂಡೆಯಲ್ಲಿ ಕಾದ ನೀರನ್ನು ತಂಬಿಗೆಯ ಮೇಲೆ ತಂಬಿಗೆ ಮಕ್ಕಳ ನೆತ್ತಿಗೆ ಸುರಿಯುವುದು, ಯುಗಾದಿ ದೀಪಾವಳಿಗಳಲ್ಲಿ ಎಣ್ಣೆ ಹಚ್ಚಿ ಅಭ್ಯಂಜನ ಮಾಡಿಸುವುದು ತಾಯಂದಿರ ವಾತ್ಸಲ್ಯದ ಒಂದು ರೂಪವೇ ಆಗಿದೆ. ಆದರೆ ಕೆಲವು ಮಕ್ಕಳು ಹೀಗೆ ನೀರು ಬೀಳುತ್ತಿರುವಾಗಲೇ ಮಂಕಾಗುತ್ತಾರೆ. ದೃಷ್ಟಿ ಒಂದೆಡೆ ನೆಡುತ್ತದೆ, ಕರೆದರೆ ಓಗೊಡುವುದಿಲ್ಲ, ಅರ್ಥವಿಲ್ಲದ ಮಾತು ಹೊರಡುತ್ತದೆ. ಇನ್ನು ಕೆಲವರಿಗೆ ಕೈಕಾಲು ಸೆಟೆದು ಪ್ರಜ್ಞೆಯೇ ತಪ್ಪುತ್ತದೆ. ಬಚ್ಚಲಲ್ಲಿ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವುದು, ಬರೆ ಹಾಕಿಸುವುದು ಇಂದಿಗೂ ಅಲ್ಲಲ್ಲಿ ಉಳಿದಿದೆ. ಈ ತೊಂದರೆಗೆ ವೈದ್ಯಶಾಸ್ತ್ರದಲ್ಲಿ 'ಬಿಸಿನೀರಿನ ಅಪಸ್ಮಾರ' ಎಂಬ ಹೆಸರಿದೆ. ಅದರ ಅಧ್ಯಯನದಲ್ಲಿ ಕನ್ನಡ ನಾಡಿನ ವೈದ್ಯರ ಪಾತ್ರ ದೊಡ್ಡದು. ಆ ಸಂಶೋಧನೆಯ ಕಥೆಯನ್ನೂ ಅದರಿಂದ ನಮ್ಮ ಮನೆಗಳಿಗೆ ದೊರೆತ ಪ್ರಯೋಜನವನ್ನೂ ಈ ಸಂಚಿಕೆಯಲ್ಲಿ ಓದುಗರ ಮುಂದಿಡಲು ಬಯಸುತ್ತೇವೆ.

ಬಿಸಿನೀರಿನಿಂದ ಮೂರ್ಛೆ ಬಂದ ಪ್ರಸಂಗವನ್ನು ವೈದ್ಯಲೋಕ ಮೊದಲು ಅರಿತದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನ ಒಂದು ವರದಿಯಿಂದ. ಬಹುಕಾಲ ಅದನ್ನು ಅತಿ ವಿರಳವಾದ ವಿಚಿತ್ರವೆಂದೇ ಎಣಿಸಲಾಗಿತ್ತು. ಬೆಂಗಳೂರಿನ ಹಿರಿಯ ನರರೋಗ ತಜ್ಞರಾಗಿದ್ದ ಡಾ. ಕೆ. ಎಸ್. ಮಣಿಯವರು ತಮ್ಮ ಸಂಗಡಿಗರೊಡನೆ 1972ರಲ್ಲಿ ಇಂತಹ 60 ರೋಗಿಗಳ ವಿವರವನ್ನೂ, 1974ರಲ್ಲಿ 108 ಮಂದಿಯ ವಿವರವನ್ನೂ ಪ್ರಕಟಿಸಿದಾಗ, ಜಗತ್ತಿನ ಬೇರೆಡೆ ವಿರಳವಾದುದು ನಮ್ಮಲ್ಲಿ ವಿರಳವಲ್ಲವೆಂಬುದು ತಿಳಿದುಬಂದಿತು.

ಈ ಎಳೆಯನ್ನು ಹಿಡಿದು ದಶಕಗಳ ಕಾಲ ಮುಂದೆ ಸಾಗಿದವರು ನಿಮ್ಹಾನ್ಸ್ ಸಂಸ್ಥೆಯ ನರವಿಜ್ಞಾನಿ ಡಾ. ಪಿ. ಸತೀಶ್ಚಂದ್ರ ಅವರು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರೂ ಆದ ಅವರು, 1988ರಲ್ಲಿ 'ಎಪಿಲೆಪ್ಸಿಯಾ' ಎಂಬ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಸಂಗಡಿಗರೊಡನೆ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಈ ತೊಂದರೆ ಹೆಚ್ಚಾಗಿ ಬಾಲ್ಯದಲ್ಲಿಯೇ ತೊಡಗುತ್ತದೆ. ಗಂಡುಮಕ್ಕಳಲ್ಲಿ ಇದರ ಪ್ರಮಾಣ ಹೆಣ್ಣುಮಕ್ಕಳಿಗಿಂತ ಎರಡು ಪಟ್ಟಿಗೂ ಮಿಗಿಲು. ಕೆಲವು ಕುಟುಂಬಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇದು ಕಾಣಿಸಿಕೊಳ್ಳುತ್ತದೆ.

ಇಲ್ಲಿ ಒಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಮೂರ್ಛೆ ಇಲ್ಲದ ವೇಳೆಯಲ್ಲಿ ಇಂತಹ ಮಕ್ಕಳ ಮೆದುಳಿನ ವಿದ್ಯುತ್ ಲೇಖನ, ಎಂದರೆ ಇ.ಇ.ಜಿ. ಪರೀಕ್ಷೆ, ಬಹುಪಾಲು ಸಹಜವಾಗಿಯೇ ಇರುತ್ತದೆ. ಯಂತ್ರ ತೋರದುದನ್ನು ಹೆತ್ತವರ ಮಾತು ತೋರಬೇಕು. "ತಲೆಗೆ ನೀರು ಹಾಕುವಾಗ ಮಾತ್ರ ಹೀಗಾಗುತ್ತದೆ" ಎಂದು ಮನೆಯವರು ಹೇಳುವ ಮಾತೇ ಈ ರೋಗದ ನಿರ್ಣಯಕ್ಕೆ ಮುಖ್ಯ ಆಧಾರ. ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಕಿವಿಗೊಟ್ಟು ಕೇಳಿದ್ದರಿಂದಲೇ ಈ ಸಂಶೋಧನೆ ಸಾಧ್ಯವಾಯಿತೆಂದು ನಾವು ಭಾವಿಸುತ್ತೇವೆ.

ಬಿಸಿನೀರಿಗೂ ಮೂರ್ಛೆಗೂ ಏನು ಸಂಬಂಧ? ನಮ್ಮ ತಲೆಸ್ನಾನದ ನೀರು ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿರುತ್ತದೆ. ಅದು ಒಂದೇ ಸಮನೆ ತಲೆಯ ಮೇಲೆ ಬೀಳುವುದರಿಂದ ತಲೆಯ ಉಷ್ಣತೆ ಬೇಗ ಏರುತ್ತದೆ. ಹೆಚ್ಚಿನವರ ಮೆದುಳು ಈ ಏರಿಕೆಯನ್ನು ತಾಳಿಕೊಳ್ಳುತ್ತದೆ. ಉಷ್ಣವನ್ನು ಹತೋಟಿಯಲ್ಲಿಡುವ ವ್ಯವಸ್ಥೆ ಹುಟ್ಟಿನಿಂದಲೇ ಸೂಕ್ಷ್ಮವಾಗಿರುವ ಕೆಲವರಲ್ಲಿ ಮಾತ್ರ ನರಕೋಶಗಳ ವಿದ್ಯುತ್ ಚಟುವಟಿಕೆ ಕ್ರಮ ತಪ್ಪುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಇದನ್ನು ಪರೀಕ್ಷಿಸಲು ಡಾ. ಸತೀಶ್ಚಂದ್ರ ಅವರು ಡಾ. ಗೌತಮ್ ಉಳ್ಳಾಲ ಮತ್ತು ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ಅವರೊಡನೆ ಇಲಿಗಳ ಮೇಲೆ ಪ್ರಯೋಗ ನಡೆಸಿ, ಅದರ ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಿದರು. ಒಣಗಿದ ಪುಳ್ಳೆಗೆ ಕಿಡಿ ತಾಗಿ ತಾಗಿ ಕೊನೆಗೆ ಹೊತ್ತಿಕೊಳ್ಳುವಂತೆ, ಮೇಲಿಂದ ಮೇಲೆ ಬಿಸಿ ತಗುಲಿದ ಮೆದುಳು ಬರಬರುತ್ತ ಸುಲಭವಾಗಿ ಮೂರ್ಛೆಗೆ ಒಳಗಾಗಬಹುದೆಂಬ ವಿಚಾರ ಇಂತಹ ಪ್ರಯೋಗಗಳಿಂದ ಬಲಗೊಂಡಿತು. ಈ ರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿಗೆ ಕೆಲವು ವರ್ಷಗಳ ತರುವಾಯ ಸ್ನಾನದ ಸಂಬಂಧವಿಲ್ಲದೆಯೂ ಮೂರ್ಛೆ ಬರತೊಡಗುವುದಕ್ಕೆ ಇದೊಂದು ಕಾರಣವಿರಬಹುದು. ಆದುದರಿಂದ 'ಸ್ನಾನದಲ್ಲಿ ಮಾತ್ರ ಬರುತ್ತದೆ, ತಾನಾಗಿ ಹೋದೀತು' ಎಂದು ಸುಮ್ಮನಿರುವುದು ಯುಕ್ತವಲ್ಲ.

ರೋಗದ ಅನುವಂಶೀಯತೆಯ ಹುಡುಕಾಟದಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಅವರ ತಂಡವು ನಿಮ್ಹಾನ್ಸ್ ವೈದ್ಯರೊಡನೆ ಕೈಜೋಡಿಸಿತು. ಪೀಡಿತ ಕುಟುಂಬಗಳ ರಕ್ತದ ಮಾದರಿಗಳನ್ನು ಪರಿಶೀಲಿಸಿದ ಈ ತಂಡ, 10ನೆಯ ಮತ್ತು 4ನೆಯ ವರ್ಣತಂತುಗಳ ಮೇಲೆ ಈ ರೋಗಕ್ಕೆ ಸಂಬಂಧಿಸಿದ ಎರಡು ಪ್ರದೇಶಗಳನ್ನು 2009ರಲ್ಲಿ ಗುರುತಿಸಿತು. ಆ ಹುಡುಕಾಟ ಮುಂದೆಯೂ ನಡೆದಿದೆ. ವಂಶವಾಹಿಗಳಲ್ಲಿ ಬೇರೂರಿದ ಪ್ರವೃತ್ತಿಗೆ ತಾಯಿಯ ಆರೈಕೆಯ ಕೊರತೆಯನ್ನಾಗಲಿ ದೈವದ ಮುನಿಸನ್ನಾಗಲಿ ಕಾರಣವೆನ್ನಲು ಯಾವ ಆಧಾರವೂ ಇಲ್ಲ.

ಈ ಎಲ್ಲ ಶ್ರಮದ ಫಲವಾಗಿ ದೊರೆತ ಚಿಕಿತ್ಸೆ ಬಹು ಸರಳವಾದುದು. ಮೊದಲನೆಯದು, ನೀರಿನ ಬಿಸಿಯನ್ನು ತಗ್ಗಿಸುವುದು. ಉಗುರುಬೆಚ್ಚಗಿನ ನೀರನ್ನು ಮೊದಲು ಮೈಗೆ ಹಾಕಿ, ಬಳಿಕ ತಲೆಗೆ ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ಹಾಕಬೇಕು. ಅನೇಕ ಮಕ್ಕಳಿಗೆ ಇಷ್ಟರಿಂದಲೇ ಮೂರ್ಛೆ ನಿಲ್ಲುತ್ತದೆ. ಎರಡನೆಯದು, ಇಷ್ಟರಿಂದ ನಿಲ್ಲದವರಿಗೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆಯನ್ನು ನೀಡುವ ಕ್ರಮವಿದೆ. ಮೂರನೆಯದು, ಸ್ನಾನದ ಹೊರತಾಗಿಯೂ ಮೂರ್ಛೆ ಬರುವವರಿಗೆ ನಿತ್ಯದ ಔಷಧಿ ಅಗತ್ಯ. ಔಷಧಿಯ ಆಯ್ಕೆ, ಪ್ರಮಾಣ, ನಿಲ್ಲಿಸುವ ಕಾಲ ಇವೆಲ್ಲ ವೈದ್ಯರು ನಿರ್ಧರಿಸಬೇಕಾದುವು. ತಾವಾಗಿಯೇ ತೊಡಗುವುದೂ ಹಠಾತ್ತನೆ ಬಿಡುವುದೂ ಅಪಾಯಕರ. ಕೆಲವು ಮಕ್ಕಳಿಗೆ ಆ ಕ್ಷಣದ ಅನುಭವ ಹಿತವೆನಿಸಿ, ಬೇಡವೆಂದರೂ ಬಿಸಿನೀರು ಸುರಿದುಕೊಳ್ಳುತ್ತಲೇ ಇರುವುದುಂಟು. ಇದೂ ರೋಗದ ಒಂದು ಲಕ್ಷಣವೇ; ಹಟವೆಂದು ಹೊಡೆಯಬಾರದು.

ಅಂತಹ ಮಗು ಸ್ನಾನ ಮಾಡುವಾಗ ಬಚ್ಚಲಿನ ಅಗುಳಿ ಹಾಕದಿರಲಿ, ಹಿರಿಯರೊಬ್ಬರು ಹತ್ತಿರವಿರಲಿ, ಉರಿಯುವ ಒಲೆ ಮತ್ತು ಕುದಿಯುವ ಹಂಡೆ ದೂರವಿರಲಿ. ಮೂರ್ಛೆ ಬಂದೊಡನೆ ನೀರು ಹಾಕುವುದನ್ನು ನಿಲ್ಲಿಸಿ, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ನೀರು ಕುಡಿಸುವುದು ಬೇಡ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಯ ಇನ್ನೊಬ್ಬರು ಮೊಬೈಲಿನಲ್ಲಿ ಆ ದೃಶ್ಯವನ್ನು ಸೆರೆಹಿಡಿದರೆ ವೈದ್ಯರಿಗೆ ಬಹಳ ನೆರವಾಗುತ್ತದೆ.

ಇಷ್ಟೆಲ್ಲ ತಿಳಿವು ಲಭ್ಯವಿದ್ದರೂ ಅನೇಕ ಮನೆಗಳಲ್ಲಿ ಈ ರೋಗವನ್ನು ಮುಚ್ಚಿಡಲಾಗುತ್ತದೆ. ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕಾದೀತೆಂಬ ಅಂಜಿಕೆಯಿಂದ ಇನ್ನೂ ಹೆಚ್ಚಾಗಿ ಮುಚ್ಚಿಡಲಾಗುತ್ತದೆ. ವೀರಶೈವ ಲಿಂಗಾಯತರಿಗೂ ಅನ್ವಯವಾಗುವ ಹಿಂದೂ ವಿವಾಹ ಕಾಯಿದೆಯಲ್ಲಿ ಒಂದು ಕಾಲಕ್ಕೆ ಅಪಸ್ಮಾರವು ವಿವಾಹಕ್ಕೆ ಅಡ್ಡಿಯೆಂದಿದ್ದುದು ನಿಜ. ಆದರೆ 1999ರ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಲಾಗಿದೆ. ಕಾನೂನು ಕೈಬಿಟ್ಟ ಕಳಂಕವನ್ನು ಸಮಾಜವು ಹೊತ್ತುಕೊಂಡು ತಿರುಗುವುದು ಸಲ್ಲದು. ಕಾಯವನ್ನು ದೇಗುಲವೆಂದು ಕಂಡ ಶರಣರ ದಾರಿಯಲ್ಲಿ ನಡೆಯುವ ನಾವು, ಮುಂದಿನ ತಲೆಸ್ನಾನದ ದಿನ ಮಗುವಿನ ನೆತ್ತಿಗೆ ಎರೆಯುವ ಮುನ್ನ ಹಂಡೆಯ ನೀರಿಗೆ ಇನ್ನೊಂದೆರಡು ತಂಬಿಗೆ ತಣ್ಣೀರು ಬೆರೆಸೋಣ. ಮೂರ್ಛೆಯ ಸುಳಿವು ಕಂಡರೆ ಅದನ್ನು ಯಾರಿಂದಲೂ ಮುಚ್ಚಿಡದೆ ವೈದ್ಯರಿಗೆ ತಿಳಿಸೋಣ.