ಕುಂದಾದ್ರಿ ಬೆಟ್ಟಕ್ಕೆ ಕಾಲ್ನಡಿಗೆ: ಯಾತ್ರಿಕರಿಗೆ ಐದು ಸಮಿತಿಗಳ ದಾರಿ

ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ, ಪಶ್ಚಿಮ ಘಟ್ಟದ ಕಾಡಿನ ನಡುವೆ ಎದ್ದು ನಿಂತಿರುವ ಹೆಬ್ಬಂಡೆಯ ಬೆಟ್ಟ. ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರ. ತುದಿಯಲ್ಲಿ ಭಗವಾನ್ ಶ್ರೀ ಪಾರ್ಶ್ವನಾಥ ಸ್ವಾಮಿಯ ಬಸದಿ, ಬಂಡೆಯಲ್ಲೇ ನೀರು ನಿಲ್ಲುವ ಕೊಳ, ಆಚಾರ್ಯ ಕುಂದಕುಂದರ ಪವಿತ್ರ ಪಾದಗಳು ಇವೆ. ಬಂಡೆಯ ಅಂಚಿನಲ್ಲಿ ನಿಂತರೆ ಕೆಳಗೆ ಅಡಿಕೆ ತೋಟ, ಗದ್ದೆ, ಅದರಾಚೆ ಒಂದರ ಹಿಂದೊಂದು ಕಾಡು ಹೊದ್ದ ಬೆಟ್ಟಸಾಲು ಕಾಣುತ್ತದೆ.

ಇಂದು ಡಾಂಬರು ರಸ್ತೆ ಬೆಟ್ಟದ ತಲೆಯ ಹತ್ತಿರದವರೆಗೂ ಹೋಗುತ್ತದೆ. ಉಳಿದಿರುವುದು ಕೆಲವು ಮೆಟ್ಟಿಲು ಮಾತ್ರ. ವಯಸ್ಸಾದವರಿಗೆ, ಮಂಡಿನೋವು ಇರುವವರಿಗೆ ಇದು ದೊಡ್ಡ ಅನುಕೂಲ. ಆದರೆ ಇತ್ತೀಚೆಗೆ ಅನೇಕ ಯುವಕ ಯುವತಿಯರು ವಾಹನವನ್ನು ಕೆಳಗೇ ಬಿಟ್ಟು ನಡೆದು ಹತ್ತಲು ಬಯಸುತ್ತಿದ್ದಾರೆ. ಅವರು ಇದನ್ನು ಟ್ರೆಕ್ಕಿಂಗ್ ಎನ್ನುತ್ತಾರೆ, ಮನೆಯ ಹಿರಿಯರು ಯಾತ್ರೆ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಕಾಡಿನ ದಾರಿಯಲ್ಲಿ ಎರಡು ಪ್ರಶ್ನೆ ಏಳುತ್ತವೆ: ನಡೆಯುವವರು ಕ್ಷೇಮವಾಗಿ ಮನೆಗೆ ಮರಳುವುದು ಹೇಗೆ? ಅವರ ನಡಿಗೆಯಿಂದ ಕಾಡಿನ ಜೀವಗಳಿಗೆ ಹಿಂಸೆ ಆಗದಂತೆ ನೋಡಿಕೊಳ್ಳುವುದು ಹೇಗೆ?

ಈ ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ತತ್ತ್ವಾರ್ಥಸೂತ್ರದ 9ನೇ ಅಧ್ಯಾಯದಲ್ಲಿ ಹೇಳಿರುವ ಐದು ಸಮಿತಿಗಳು ಮುನಿಗಳಿಗೆ ವಿಧಿಸಿದ ನಿಯಮ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಿಗೆ ಅವು ಮಾನ್ಯ. ಗೃಹಸ್ಥರಿಗೆ ಅವು ಕಡ್ಡಾಯವಲ್ಲ. ಆದರೂ ಕಾಡು ಬೆಟ್ಟದಲ್ಲಿ ನಡೆಯುವ ಒಂದು ದಿನದ ಮಟ್ಟಿಗೆ ಪಾಲಿಸಿದರೆ, ಅದಕ್ಕಿಂತ ಒಳ್ಳೆಯ ಸುರಕ್ಷತಾ ನಿಯಮ ಬೇರೆ ಇಲ್ಲ.

ಕ್ಷೇತ್ರದ ಹಿನ್ನೆಲೆ

ಸುಮಾರು 2000 ವರ್ಷಗಳ ಹಿಂದೆ ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರೆಂಬುದು ಪರಂಪರೆಯ ನಂಬಿಕೆ. ಬೆಟ್ಟಕ್ಕೆ ಹೆಸರು ಬಂದದ್ದು ಅವರಿಂದಲೇ. ಸಮಯಸಾರ, ಪ್ರವಚನಸಾರ, ನಿಯಮಸಾರ, ಪಂಚಾಸ್ತಿಕಾಯ ಅವರ ಪ್ರಮುಖ ಕೃತಿಗಳು. ಪದ್ಮನಂದಿ, ಏಲಾಚಾರ್ಯ ಎಂಬ ಹೆಸರುಗಳೂ ಅವರಿಗಿವೆ. ದಿಗಂಬರ ಪರಂಪರೆಯ ಮಂಗಲ ಶ್ಲೋಕದಲ್ಲಿ ಭಗವಾನ್ ಮಹಾವೀರ ಮತ್ತು ಗೌತಮ ಗಣಧರರ ನಂತರ ಬರುವ ಹೆಸರು ಅವರದು.

ಕುಂದಕುಂದರಿಗೆ ಚಾರಣ ಋದ್ಧಿ ಇತ್ತು, ಅವರು ನೆಲದಿಂದ ನಾಲ್ಕು ಅಂಗುಲ ಮೇಲೆ ಸಂಚರಿಸುತ್ತಿದ್ದರು ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಒಳಗಿನ ಧೂಳಾಗಲಿ ಹೊರಗಿನ ಧೂಳಾಗಲಿ ಅವರನ್ನು ಮುಟ್ಟಲಿಲ್ಲ ಎಂಬುದು ಅದರ ಭಾವ. ಈಗ ಕನ್ನಡದಲ್ಲಿ ಟ್ರೆಕ್ಕಿಂಗ್‌ಗೆ ಚಾರಣ ಎಂಬ ಪದವೇ ಬಳಕೆಯಲ್ಲಿದೆ. ಸಾಮಾನ್ಯ ಶ್ರಾವಕರ ಕಾಲು ನೆಲದ ಮೇಲೇ ಇರುತ್ತದೆ, ಆದ್ದರಿಂದಲೇ ಅವರಿಗೆ ನೋಡಿ ನಡೆಯುವ ನಿಯಮ ಬೇಕು.

ದಾರಿ ಮತ್ತು ಸಮಯ

ದಾವಣಗೆರೆಯಿಂದ ಹರಿಹರ, ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ಮಾರ್ಗವಾಗಿ ಕುಂದಾದ್ರಿಗೆ ಹೆಚ್ಚುಕಡಿಮೆ 180 ಕಿ.ಮೀ. ತೀರ್ಥಹಳ್ಳಿಯಿಂದ ಆಗುಂಬೆ ರಸ್ತೆಯಲ್ಲಿ ಹೋಗಿ ಗುಡ್ಡೇಕೇರಿಯಲ್ಲಿ ಒಳರಸ್ತೆಗೆ ತಿರುಗಬೇಕು. ಅದೇ ದಿನ ಹೊರಟು, ಬೆಟ್ಟ ಹತ್ತಿ ಇಳಿದು, ಮರಳಿ ಮನೆ ಸೇರಬೇಕೆಂದರೆ ಅವಸರವಾಗುತ್ತದೆ. ಕಾಡಿನಲ್ಲಿ ಹೆಚ್ಚಿನ ಅನಾಹುತಕ್ಕೆ ಅವಸರವೇ ಕಾರಣ.

ಎರಡು ದಿನದ ಯಾತ್ರೆ ಒಳ್ಳೆಯದು. ಮೊದಲ ದಿನ ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ ಮೇಲೆ ಹೊಂಬುಜಕ್ಕೆ ಹೋಗಿ ಶ್ರೀ ಪದ್ಮಾವತಿ ಅಮ್ಮನವರ ದರ್ಶನ ಮಾಡಿ, ಸಾಂತರ ಅರಸರ ಕಾಲದ ಪಂಚಕೂಟ ಬಸದಿ ನೋಡಿ ಅಲ್ಲೇ ತಂಗಬಹುದು. ಮರುದಿನ ಬೆಳಗ್ಗೆ ಹೊರಟರೆ ಸುಮಾರು ಎರಡು ಗಂಟೆಯಲ್ಲಿ ಕುಂದಾದ್ರಿಯ ಬುಡ ಸೇರಬಹುದು. ವಸತಿ, ಊಟ, ಪೂಜೆಯ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೊರಡಬೇಕು.

ದೀಪಾವಳಿ ಕಳೆದ ಮೇಲೆ ಫೆಬ್ರವರಿಯವರೆಗೆ ಹತ್ತಲು ಸೂಕ್ತ ಕಾಲ. ಮಕರ ಸಂಕ್ರಾಂತಿಗೆ ಇಲ್ಲಿ ಜಾತ್ರೆ ನಡೆಯುತ್ತದೆ. ಆ ದಿನ ಜನ ಹೆಚ್ಚು, ಚಿಕ್ಕ ಮಕ್ಕಳ ಜೊತೆ ನಡೆದು ಹತ್ತುವವರು ಬೇರೆ ದಿನ ಆರಿಸಿಕೊಳ್ಳುವುದು ಲೇಸು.

ಮಳೆಗಾಲದಲ್ಲಿ ನಡೆಯುವುದು ಬೇಡವೇ ಬೇಡ. ದಾವಣಗೆರೆಯಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿ.ಮೀ. ಪಕ್ಕದ ಆಗುಂಬೆಯಲ್ಲಿ ಅದು 7000 ಮಿ.ಮೀ.ಗೂ ಹೆಚ್ಚು. ಬಂಡೆಯ ಮೇಲೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ, ಮಂಜು ಕವಿದರೆ ಹತ್ತು ಮಾರು ಮುಂದಿನದೂ ಕಾಣುವುದಿಲ್ಲ, ದಾರಿಯುದ್ದಕ್ಕೂ ಇಂಬಳ. ಇಂಬಳ ಕಚ್ಚಿದರೆ ಉಪ್ಪು ಹಾಕುವುದು ಸಾಮಾನ್ಯ ರೂಢಿ, ಅದರಿಂದ ಇಂಬಳ ನರಳಿ ಸಾಯುತ್ತದೆ. ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸಿ ಒಂದೇ ಕಡೆ ಇರುವುದು ಏಕೆಂಬುದು ಮಲೆನಾಡಿನ ಮಳೆ ನೋಡಿದವರಿಗೆ ತಾನಾಗಿ ಅರ್ಥವಾಗುತ್ತದೆ. ಹಿಂಸೆಯ ಸಂದರ್ಭವೇ ಬಾರದಂತೆ ಕಾಲ ನೋಡಿ ಹೊರಡುವುದು ಮೊದಲ ಹೆಜ್ಜೆ. ಅಕಸ್ಮಾತ್ ಇಂಬಳ ಹತ್ತಿದರೂ ಉಗುರಿನ ಅಂಚಿನಿಂದ ಮೆಲ್ಲಗೆ ಜಾರಿಸಿ ಬಿಡಿಸಿ, ಪಕ್ಕದ ಎಲೆಯ ಮೇಲೆ ಬಿಡಬಹುದು.

1. ಈರ್ಯಾ ಸಮಿತಿ – ನೋಡಿ ನಡೆಯುವುದು

ಸೂರ್ಯನ ಬೆಳಕಿನಲ್ಲಿ, ಜನ ನಡೆದಾಡಿದ ದಾರಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತಾ ನಡೆಯಬೇಕೆಂಬುದು ಈರ್ಯಾ ಸಮಿತಿ. ಇದರಲ್ಲಿ ಮೂರು ಮಾತುಗಳಿವೆ, ಮೂರೂ ಬೆಟ್ಟದಲ್ಲಿ ಪ್ರಾಣ ಕಾಯುವ ಮಾತುಗಳೇ.

ಮೊದಲನೆಯದು ಬೆಳಕು. ಸೂರ್ಯೋದಯ ನೋಡಬೇಕೆಂದು ಕತ್ತಲಲ್ಲೇ ಬೆಟ್ಟ ಹತ್ತುವ ಹುಚ್ಚು ಈಗ ಹೆಚ್ಚಾಗಿದೆ. ಹಾವು, ಕಾಡುಪ್ರಾಣಿಗಳ ಓಡಾಟ ಇರುವುದು ಆ ಹೊತ್ತಿನಲ್ಲೇ. ಬಂಡೆಯ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಟಾರ್ಚ್ ಬೆಳಕಿಗೆ ಕಾಣದು. ಬೆಳಕು ಹರಿದ ಮೇಲೆ ಹತ್ತಿ, ಮಧ್ಯಾಹ್ನದೊಳಗೆ ಇಳಿಯುವುದು ಸರಿಯಾದ ಕ್ರಮ.

ಎರಡನೆಯದು ನಡೆದಾಡಿದ ದಾರಿ. ಹತ್ತಿರದ ದಾರಿ ಎಂದು ಪೊದೆಯೊಳಗೆ ನುಗ್ಗಬಾರದು. ಕಾಡಿನ ಒಳದಾರಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲು ಕೇಳಿಕೊಳ್ಳಬೇಕು, ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು. ಮೊದಲ ಸಲ ಹೋಗುವವರಿಗೆ ಡಾಂಬರು ರಸ್ತೆಯಲ್ಲೇ ನಡೆದು ಹತ್ತುವುದು ಉತ್ತಮ. ಏರು ಕಡಿದಾಗಿದೆ, ತಿರುವುಗಳಲ್ಲಿ ವಾಹನ ಬರುತ್ತವೆ, ಒಬ್ಬರ ಹಿಂದೆ ಒಬ್ಬರು ಅಂಚಿನಲ್ಲಿ ನಡೆಯಬೇಕು.

ಮೂರನೆಯದು ನೆಲದ ಮೇಲಿನ ನೋಟ. ಇರುವೆ ಸಾಲು, ಸಹಸ್ರಪದಿ, ಒಣ ಎಲೆಯೊಳಗಿನ ಹುಳುಗಳಿಗೆ ಇದು ರಕ್ಷೆ, ಸಡಿಲ ಕಲ್ಲಿನ ಮೇಲೆ ಕಾಲಿಡದಂತೆ ನಡೆಯುವವರಿಗೂ ರಕ್ಷೆ. ನೋಟ ಸವಿಯಬೇಕಾದಾಗ ನಿಂತು ನೋಡಬೇಕು, ನಡೆಯುವಾಗ ನೆಲವನ್ನೇ ನೋಡಬೇಕು. ನಡೆಯುತ್ತಾ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಎರಡೂ ಅಲ್ಲ.

ಆಗುಂಬೆ ಸೀಮೆ ಕಾಳಿಂಗ ಸರ್ಪದ ನೆಲೆ. ಅದರ ಅಧ್ಯಯನಕ್ಕೆಂದೇ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಹಾವು ಕಂಡರೆ ಇದ್ದಲ್ಲೇ ನಿಂತು, ಮೆಲ್ಲಗೆ ಹಿಂದೆ ಸರಿದು, ಅದು ಹೋಗುವವರೆಗೆ ಕಾಯಬೇಕು. ಸರ್ಪದ ಹೆಡೆಯ ನೆರಳಿನ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಹೊರಟವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

2. ಭಾಷಾ ಸಮಿತಿ – ಹಿತಮಿತ ಮಾತು

ಸ್ಪೀಕರ್ ಹಾಕಿ ಹಾಡು ಕೇಳುವುದು, ಕೂಗಿ ಪ್ರತಿಧ್ವನಿ ಕೇಳುವುದು ಬೇಡ. ಕಾಡಿನ ಹಕ್ಕಿ, ಪ್ರಾಣಿಗಳಿಗೆ ಅದು ತೊಂದರೆ, ಬಸದಿಯಲ್ಲಿ ಜಪಕ್ಕೆ ಕುಳಿತವರಿಗೂ ತೊಂದರೆ. ಮೌನವಾಗಿ ಹತ್ತುವವರಿಗೆ ಏದುಸಿರೂ ಕಡಿಮೆ. ಮಾತಾಡಲು ಆಗದಷ್ಟು ಉಸಿರು ಹಿಡಿದರೆ ನಿಂತು ಸುಧಾರಿಸಿಕೊಳ್ಳಬೇಕು. ಎದೆನೋವು, ತಲೆಸುತ್ತು ಬಂದರೆ ಸಂಕೋಚ ಬಿಟ್ಟು ಹೇಳಬೇಕು. ಗುಂಪು ಹೊರಡುವ ಮುನ್ನ ಯಾರಿಗೆ ಬಿ.ಪಿ., ಸಕ್ಕರೆ ಕಾಯಿಲೆ ಇದೆ, ಮಾತ್ರೆ ಯಾರ ಚೀಲದಲ್ಲಿದೆ ಎಂಬುದು ಜೊತೆಯವರಿಗೆ ತಿಳಿದಿರಬೇಕು. ಕಾಡಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ಎಷ್ಟು ಹೊತ್ತಿಗೆ ಇಳಿಯುತ್ತೇವೆಂದು ಕೆಳಗಿರುವ ಚಾಲಕನಿಗೆ ಹೇಳಿ ಹತ್ತಬೇಕು.

3. ಏಷಣಾ ಸಮಿತಿ – ಶುದ್ಧ ಆಹಾರ

ಬೆಟ್ಟದ ಮೇಲೆ ಊಟ ಸಿಗುತ್ತದೆಂದು ನಂಬಿ ಹೋಗಬಾರದು. ಈರುಳ್ಳಿ, ಆಲೂಗಡ್ಡೆ ಇಲ್ಲದ ಒಗ್ಗರಣೆ ಮಂಡಕ್ಕಿ, ಅವಲಕ್ಕಿ, ಚಪಾತಿ, ಕಡಲೆ ಬೆಲ್ಲ, ಬಾಳೆಹಣ್ಣು ಹಗುರ ಮತ್ತು ಸಾಕಾಗುವ ತಿಂಡಿ. ದಾವಣಗೆರೆಯವರಿಗೆ ಮಂಡಕ್ಕಿ ಕಟ್ಟಿಕೊಳ್ಳುವುದನ್ನು ಯಾರೂ ಕಲಿಸಬೇಕಿಲ್ಲ. ಕಾಯಿಸಿ ಸೋಸಿದ ನೀರು ತಲೆಗೆ ಒಂದೂವರೆಯಿಂದ ಎರಡು ಲೀಟರ್ ಇರಲಿ. ಉಪವಾಸ, ಏಕಾಶನದ ದಿನ ನಡೆದು ಹತ್ತುವುದನ್ನು ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ವಾಹನದಲ್ಲಿ ಹೋಗಬೇಕು. ಸೂರ್ಯಾಸ್ತದ ಮೊದಲು ಊಟ ಮುಗಿಸುವವರು ಮರಳುವ ದಾರಿಯಲ್ಲಿ ಎಲ್ಲಿ ಊಟ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮಂಗಗಳಿಗೆ ತಿಂಡಿ ಹಾಕಬಾರದು. ಅದು ದಯೆಯಂತೆ ಕಂಡರೂ ಅವುಗಳ ಸ್ವಭಾವ ಕೆಡಿಸುತ್ತದೆ.

4. ಆದಾನ ನಿಕ್ಷೇಪಣ ಸಮಿತಿ – ನೋಡಿ ತೆಗೆದು ಇಡುವುದು

ಮುನಿಗಳು ಪಿಂಛಿಯಿಂದ ಒರೆಸಿ, ನೋಡಿ ವಸ್ತುವನ್ನು ಇಡುತ್ತಾರೆ, ಎತ್ತುತ್ತಾರೆ. ಕಾಡಿನಲ್ಲಿ ಚೀಲ ಇಡುವ ಮೊದಲು, ಕಲ್ಲಿನ ಮೇಲೆ ಕೂರುವ ಮೊದಲು, ಬಿಚ್ಚಿಟ್ಟ ಬೂಟು ಹಾಕುವ ಮೊದಲು ಹೀಗೇ ನೋಡಬೇಕು. ಬೂಟು ಚರ್ಮದ್ದಲ್ಲದೆ ಕ್ಯಾನ್ವಾಸಿನದು ಇರಲಿ, ಅಡಿ ಜಾರದಂತಿರಲಿ.

ಈ ನಿಯಮಕ್ಕೆ ಶಿವಮೊಗ್ಗ ಜಿಲ್ಲೆಯಲ್ಲಿ ವಿಶೇಷ ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈ ಕಾಡುಗಳಲ್ಲಿ ಇಂದಿಗೂ ಇದೆ. ಒಣ ಎಲೆಗಳ ನಡುವೆ ಇರುವ ಸಣ್ಣ ಉಣುಗುಗಳ ಕಡಿತದಿಂದ ಅದು ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಅಂದರೆ ಯಾತ್ರೆಗೆ ಒಳ್ಳೆಯ ಕಾಲವೂ ಕಾಯಿಲೆಯ ಕಾಲವೂ ಒಂದೇ. ಆದ್ದರಿಂದ ಹೊರಡುವ ಮೊದಲು ಆ ಭಾಗದಲ್ಲಿ ಕಾಯಿಲೆ ವರದಿಯಾಗಿದೆಯೇ ಎಂದು ವಿಚಾರಿಸಬೇಕು. ಆಗಿದ್ದರೆ ಕಾಡಿನ ಒಳದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಹೋಗಬೇಕು. ಉದ್ದ ತೋಳಿನ ತಿಳಿ ಬಣ್ಣದ ಬಟ್ಟೆ ಧರಿಸಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಬೇಕು. ಆರೋಗ್ಯ ಇಲಾಖೆ ಮಲೆನಾಡಿನವರಿಗೆ ಉಣುಗು ತಡೆಯುವ ಡೇಪಾ ತೈಲ ಕೊಡುತ್ತದೆ, ಅದರ ಬಗ್ಗೆ ಸ್ಥಳೀಯ ಆಸ್ಪತ್ರೆಯಲ್ಲಿ ಕೇಳಬಹುದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

ಇಳಿದ ಮೇಲೆ ಮೈ ಕೈ ಪರೀಕ್ಷಿಸಿ ಬಿಸಿನೀರು ಸ್ನಾನ ಮಾಡಬೇಕು. ಉಣುಗು ಕಚ್ಚಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸುಡುವುದು, ಬೆರಳಿನಲ್ಲಿ ಹಿಸುಕುವುದು ಸರಿಯಲ್ಲ. ಇಲ್ಲೂ ವೈದ್ಯರ ಮಾತು, ಅಹಿಂಸೆಯ ಮಾತು ಒಂದೇ. ಮನೆಗೆ ಮರಳಿದ ಹತ್ತು ದಿನದೊಳಗೆ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ತೀರ್ಥಹಳ್ಳಿ ಕಾಡಿಗೆ ಹೋಗಿದ್ದನ್ನು ತಪ್ಪದೆ ಹೇಳಬೇಕು. ಬಯಲುಸೀಮೆಯ ವೈದ್ಯರಿಗೆ ಇದನ್ನು ಹೇಳದಿದ್ದರೆ ಅವರಿಗೆ ಈ ಕಾಯಿಲೆಯ ಅನುಮಾನವೇ ಬಾರದಿರಬಹುದು.

5. ಉತ್ಸರ್ಗ ಸಮಿತಿ – ವಿಸರ್ಜನೆಯಲ್ಲಿ ಎಚ್ಚರ

ಜೀವಜಂತು ಇಲ್ಲದ ಕಡೆ, ಯಾರಿಗೂ ತೊಂದರೆಯಾಗದಂತೆ ಮಲಮೂತ್ರ ವಿಸರ್ಜನೆ ಮಾಡಬೇಕೆಂಬುದು ಈ ಸಮಿತಿ. ಇಂದಿನ ಯಾತ್ರಿಕರು ಇದಕ್ಕೆ ಪ್ಲಾಸ್ಟಿಕ್ಕನ್ನೂ ಸೇರಿಸಿಕೊಳ್ಳಬೇಕು. ಬಾಟಲಿ, ಕುರುಕಲು ಪೊಟ್ಟಣ, ಹೂವಿನ ಕವರು ಯಾವುದನ್ನೂ ಬೆಟ್ಟದಲ್ಲಿ ಬಿಡಬಾರದು. ಬಸದಿಯ ಮುಂದಿನ ಕೊಳದಲ್ಲಿ ಕೈಕಾಲು ತೊಳೆಯುವುದು, ಸೋಪು ಹಾಕುವುದು ಸಲ್ಲದು.

ಈ ಸೀಮೆಯ ಹಳ್ಳಗಳ ನೀರು ಮಾಲತಿ ಹೊಳೆಯ ಮೂಲಕ ತುಂಗೆಗೆ ಸೇರುತ್ತದೆ. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಹರಿಹರದ ಹತ್ತಿರದ ರಾಜನಹಳ್ಳಿಯಲ್ಲಿ ಎತ್ತಿದ ಅದೇ ತುಂಗಭದ್ರೆಯ ನೀರು ದಾವಣಗೆರೆಯ ನಲ್ಲಿಗಳಿಗೆ ಹೋಗುತ್ತದೆ. ಮಲೆನಾಡಿನ ಹಳ್ಳದಲ್ಲಿ ಎಸೆದ ಕಸ ಬೇರೆಯವರ ಊರಿನ ಕಸವಲ್ಲ.

ಹೊರಡುವ ಮುನ್ನ

ದಾವಣಗೆರೆ, ಹರಿಹರ ಬಯಲು ಊರುಗಳು. ಅಂಗಡಿಯಲ್ಲಿ ಕೂತು ಕೆಲಸ ಮಾಡುವವರ ಮಂಡಿಗೆ ಏರು ಇಳಿಜಾರು ರೂಢಿಯಿರುವುದಿಲ್ಲ. ಒಂದು ತಿಂಗಳು ಮೊದಲಿನಿಂದ ಕುಂದುವಾಡ ಕೆರೆಯ ಸುತ್ತ ದಿನವೂ ನಡೆದು, ಭಾನುವಾರ ಕೊಂಡಜ್ಜಿಯ ಗುಡ್ಡ ಹತ್ತಿ ಇಳಿದರೆ ಕಾಲು ಹದವಾಗುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ಪೆಟ್ಟು ಹೆಚ್ಚು, ಒಂದು ಕೋಲು ಕೈಯಲ್ಲಿರಲಿ. ಮೇಲೆ ಬಂಡೆಯ ಅಂಚಿನಲ್ಲಿ ಕಂಬಿ ದಾಟಿ ಹೋಗಬಾರದು, ಮಕ್ಕಳ ಕೈ ಬಿಡಬಾರದು.

ನಡೆಯಲಾಗದ ಹಿರಿಯರು ವಾಹನದಲ್ಲಿ ಮೇಲೆ ಬಂದು ಕಿರಿಯರಿಗಾಗಿ ಕಾಯಬಹುದು. ಎಲ್ಲರೂ ಸೇರಿದ ಮೇಲೆ ಒಟ್ಟಿಗೆ ದರ್ಶನ ಮಾಡಿ, ಕೆಲಹೊತ್ತು ಣಮೋಕಾರ ಜಪ ಮಾಡಿ ಇಳಿದರೆ ಯಾತ್ರೆ ಪೂರ್ಣ.

ಜೈ ಜಿನೇಂದ್ರ.