ಹೈಬ್ರಿಡ್ ಗಾಡಿ ಎಷ್ಟು ಎಣ್ಣೆ ಕುಡಿಯುತ್ತದೆ?

ಟಿಕೋಟಾ, ಬಬಲೇಶ್ವರದ ಕಡೆ ಬಾಡಿಗೆ ಗಾಡಿ ಬೇಕೇ ಬೇಕು. ಹೆರಿಗೆಗೆ ವಿಜಯಪುರದ ಆಸ್ಪತ್ರೆಗೆ ಹೋಗಬೇಕು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋಗಬೇಕು. ‘ಹಳೇ ಗಾಡಿ ತಗೊಂಡು ಬಾಡಿಗೆ ಹೊಡೆಯೋಣು’ ಅಂತ ಮನೆಯ ಗಂಡಸರು ಅನ್ನುತ್ತಾರೆ. ಸಂಘದ ಸಾಲಕ್ಕೆ ಸಹಿ ಮಾಡುವವರು ನಾವು. ಕಂತು ಕಟ್ಟುವವರೂ ನಾವೇ.

‘ಇದು ಹೈಬ್ರಿಡ್ ಐತಿ ಅಕ್ಕಾ, ಲೀಟರಿಗೆ 24 ಕಿಲೋಮೀಟರ್ ಆವರೇಜ್ ಕೊಡ್ತೈತಿ’ ಅಂತ ಮಾರುವವನು ಹೇಳುತ್ತಾನೆ. ಇದು ಖರೇನಾ?

ಹೈಬ್ರಿಡ್ ಜೋಳ ನಮಗೆ ಗೊತ್ತು. ಎರಡು ತಳಿ ಕೂಡಿಸಿದ ಬೀಜ ಅದು. ಹೈಬ್ರಿಡ್ ಗಾಡಿಯಲ್ಲಿ ಎರಡು ಶಕ್ತಿ ಕೂಡಿವೆ. ಒಂದು ಎಣ್ಣೆಯ ಇಂಜಿನ್. ಇನ್ನೊಂದು ಕರೆಂಟಿನ ಮೋಟಾರು. ಟೊಯೋಟಾ ಕಂಪನಿ 2013ರಲ್ಲಿ ನಮ್ಮ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸತೊಡಗಿತು. ಅದು ಸ್ವಲ್ಪ ದೂರ ಬರೀ ಕರೆಂಟಿನ ಮೇಲೆ ಓಡುತ್ತದೆ. ಆದರೆ ಅದು ಶ್ರೀಮಂತರ ಗಾಡಿ.

ನಮಗೆ ಎಟಕುವುದು ಮಾರುತಿ ಎರ್ಟಿಗಾದಂಥ ಗಾಡಿ. 2015ರಲ್ಲಿ ಅದರ ಡೀಸೆಲ್ ಹೈಬ್ರಿಡ್ ಬಂತು. 2020ರಲ್ಲಿ ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟಿತು. ಹೀಗಾಗಿ ಈಗ ಸಿಗುವುದೆಲ್ಲ ಹಳೇದೇ. ಇದು ಅರೆ ಹೈಬ್ರಿಡ್. ಬರೀ ಕರೆಂಟಿನ ಮೇಲೆ ಓಡುವುದಿಲ್ಲ.

ಹಾಗಾದರೆ ಎಣ್ಣೆ ಹೇಗೆ ಉಳಿಯುತ್ತದೆ? ತವೆಯ ಮೇಲೆ ರೊಟ್ಟಿ ಇಲ್ಲ, ಒಲೆ ಉರಿಯುತ್ತಲೇ ಇದೆ. ಸುಮ್ಮನೆ ದಂಡ ಅಲ್ಲವೇ? ನಿಂತ ಗಾಡಿಯ ಇಂಜಿನ್ನೂ ಹಾಗೆಯೇ. ಈ ಗಾಡಿ ನಿಂತಾಗ ಇಂಜಿನ್ ತಾನೇ ಬಂದ್ ಆಗುತ್ತದೆ. ಕ್ಲಚ್ ಒತ್ತಿದರೆ ಮತ್ತೆ ಚಾಲೂ ಆಗುತ್ತದೆ. ವೇಗ ಇಳಿಸುವಾಗ ಸೈಕಲ್ಲಿನ ಡೈನಮೋದಂತೆ ಗಾಲಿಯ ಓಟದಿಂದ ಕರೆಂಟು ಹುಟ್ಟಿ ಬ್ಯಾಟರಿ ಸೇರುತ್ತದೆ. ಗಾಡಿ ಮುಂದೆ ನುಗ್ಗುವಾಗ ಆ ಕರೆಂಟು ಇಂಜಿನ್ನಿಗೆ ಕೈ ಹಚ್ಚುತ್ತದೆ.

ಈಗ ನೀವೇ ಹೇಳಿರಿ. ಗಾಂಧಿ ಚೌಕದಲ್ಲಿ ಗಾಡಿ ನಿಂತು ನಿಂತು ಹೋಗುತ್ತದೆ. ಅಲ್ಲಿ ಉಳಿತಾಯ ಐತಿ. ಟಿಕೋಟಾ ರಸ್ತೆಯಲ್ಲಿ ನಿಲ್ಲುವುದೇ ಕಡಿಮೆ. ಅಲ್ಲಿ ಹೈಬ್ರಿಡ್ ಅನ್ನುವ ಹೆಸರಿಗೆ ಹೆಚ್ಚು ದುಡ್ಡು ಕೊಡುವುದು ನಮಗೇನೋ ಸರಿ ಕಾಣುವುದಿಲ್ಲ.

24 ಅನ್ನುವುದು ಗಾಡಿ ಹೊಸದಿದ್ದಾಗಿನ ಪರೀಕ್ಷೆಯ ಲೆಕ್ಕ. ಗಾಲಿಗಳನ್ನು ಉರುಳೆಯ ಮೇಲೆ ತಿರುಗಿಸಿ ಅಳೆದದ್ದು. ಅಲ್ಲಿ ತಗ್ಗು ದಿನ್ನೆ ಇಲ್ಲ, ಮೇಲೆ ದ್ರಾಕ್ಷಿ ಬಾಕ್ಸೂ ಇಲ್ಲ.

ಖರೇ ಲೆಕ್ಕ ನಾವೇ ತೆಗೆಯಬಹುದು. ಟಾಕಿ ತುಂಬಿಸಿರಿ. ಮೀಟರ್ ಓದಿ ಬರೆದುಕೊಳ್ಳಿರಿ. 84,210 ಅಂತ ಇಟ್ಟುಕೊಳ್ಳೋಣ. ಕೆಲವು ದಿನ ಓಡಿಸಿ ಮತ್ತೆ ಟಾಕಿ ತುಂಬಿಸಿರಿ. ಈಗ ಮೀಟರ್ 84,510. ಓಡಿದ್ದು 300 ಕಿಲೋಮೀಟರ್. ಹಿಡಿದ ಎಣ್ಣೆ 20 ಲೀಟರ್. 300ನ್ನು 20ರಿಂದ ಭಾಗಿಸಿದರೆ 15. ಇದೇ ಗಾಡಿಯ ಆವರೇಜ್.

15ಕ್ಕೂ 20ಕ್ಕೂ ಏನು ಫರಕು? ತಿಂಗಳಿಗೆ 2,000 ಕಿಲೋಮೀಟರ್ ಬಾಡಿಗೆ ಹಿಡಿಯಿರಿ. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿಯಿರಿ. 20 ಕೊಟ್ಟರೆ ಎಣ್ಣೆಗೆ 9,000 ರೂಪಾಯಿ. 15 ಕೊಟ್ಟರೆ 12,000. ತಿಂಗಳಿಗೆ 3,000 ರೂಪಾಯಿ ಫರಕು! ಕಂತಿನ ದುಡ್ಡು ಎಣ್ಣೆಯಲ್ಲೇ ಹೋಯಿತು.

ಆವರೇಜ್ ಕಡಿಮೆ ಬಂದರೆ ಮೊದಲು ಗಾಲಿಯ ಗಾಳಿ ನೋಡಿಸಿರಿ. ನಮ್ಮ ಕಡೆ ಧೂಳು ಬಹಳ. ಗಾಳಿ ಸೋಸುವ ಫಿಲ್ಟರ್ ಕಟ್ಟಿರುತ್ತದೆ. ಅದನ್ನು ಬದಲಿಸಲು ಹೆಚ್ಚು ಖರ್ಚಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೂ ಎಣ್ಣೆ ಹೆಚ್ಚು ಬೇಕು.

ಗಾಡಿ ಕೊಳ್ಳುವ ಮೊದಲು ಬ್ಯಾಟರಿಯನ್ನೂ ಪರೀಕ್ಷೆ ಮಾಡಿರಿ. ಅರ್ಧ ತಾಸು ಓಡಿಸಿ, ಎಸಿ ಬಂದ್ ಮಾಡಿ ನಿಲ್ಲಿಸಿರಿ. ಗೇರ್ ತೆಗೆದು ಕ್ಲಚ್ಚಿನಿಂದ ಕಾಲೆತ್ತಲು ಹೇಳಿರಿ. ಇಂಜಿನ್ ತಾನೇ ಬಂದ್ ಆಗಬೇಕು. ಆಗದಿದ್ದರೆ ಬ್ಯಾಟರಿ ಸೋತಿರಬಹುದು. ಹೊಸ ಬ್ಯಾಟರಿಯ ದುಡ್ಡನ್ನು ಗಾಡಿಯ ಬೆಲೆಯಲ್ಲಿ ಕಡಿಮೆ ಮಾಡಲು ಕೇಳಿರಿ.