ಕಡಲಯಾನದಲ್ಲಿ ಅಂಟುಜಾಡ್ಯ

ವಿಹಾರನೌಕೆಯು ಸರಕಿನ ಹಡಗಿನಂತೆ ಒಂದು ಬಂದರಿನಿಂದ ಹೊರಟು ಇನ್ನೊಂದನ್ನು ಮುಟ್ಟುವುದನ್ನೇ ಗುರಿಯಾಗಿ ಉಳ್ಳದ್ದಲ್ಲ; ಅಲ್ಲಿ ಪಯಣವೇ ಪ್ರಯೋಜನ, ಆ ಪಯಣದ ಸುಖವೆಲ್ಲ ಜನರು ಒಟ್ಟುಗೂಡುವುದರಲ್ಲಿಯೇ ಇದೆ. ಎರಡು ಮೂರು ಸಾವಿರ ಮಂದಿ ಒಂದೇ ಭೋಜನಶಾಲೆಯಲ್ಲಿ ಉಣ್ಣುತ್ತ, ಒಂದೇ ರಂಗಮಂದಿರದಲ್ಲಿ ಕುಳಿತು ನೃತ್ಯ ಗೀತಗಳನ್ನು ಸವಿಯುತ್ತ, ಒಂದೇ ಮೆಟ್ಟಿಲಿನ ಕಂಬಿಯನ್ನು ಹಿಡಿದು ಏರುತ್ತ ಇಳಿಯುತ್ತ ವಾರವೊಂದನ್ನೋ ಎರಡನ್ನೋ ಕಳೆಯುವ ಈ ನೀರಮೇಲಣ ಊರಿನಲ್ಲಿ, ಸುಖಕ್ಕೆ ಕಾರಣವಾದ ಸಾಮೀಪ್ಯವೇ ರೋಗಕ್ಕೂ ಹಾದಿಯಾಗುತ್ತದೆ. ನೆಲದ ಮೇಲೆ ಜ್ವರ ಬಂದವನು ಪೇಟೆಯನ್ನು ಬಿಟ್ಟು ಮನೆಗೆ ಹೋಗಿ ಮಲಗಬಲ್ಲನು. ಹಡಗಿನಲ್ಲಾದರೋ ಮನೆಯೂ ಪೇಟೆಯೂ ಆಸ್ಪತ್ರೆಯೂ ಒಂದೇ ಉಕ್ಕಿನ ಒಡಲೊಳಗೆ ಅಡಕವಾಗಿರುತ್ತವೆ. ಆದುದರಿಂದ ಅಲ್ಲಿ ರೋಗವು ಒಬ್ಬನ ಸ್ವಂತ ಸಂಗತಿಯಾಗಿ ಉಳಿಯಲಾರದು. ರೋಗದ ಸುದ್ದಿ ಎಷ್ಟು ಬೇಗನೆ ವೈದ್ಯನ ಕಿವಿಗೆ ಬೀಳುತ್ತದೆ, ರೋಗಿಯ ಬಾಗಿಲಿಗೆ ಊಟ ತಂದಿಡುವವನ ಆರೋಗ್ಯವನ್ನು ಯಾರು ಕಾಯುತ್ತಾರೆ ಎಂಬ ಎರಡು ಪ್ರಶ್ನೆಗಳ ಮೇಲೆ ಉಳಿದೆಲ್ಲ ಏರ್ಪಾಡುಗಳೂ ನಿಂತಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿಹಾರನೌಕೆಗಳನ್ನು ಬಹುಕಾಲದಿಂದ ಕಾಡುತ್ತಿರುವ ಜಾಡ್ಯವೆಂದರೆ ವಾಂತಿಭೇದಿ. ಅದಕ್ಕೆ ಮುಖ್ಯ ಕಾರಣ ನೋರೋವೈರಸ್ ಎಂಬ ವೈರಾಣು. 1968ರಲ್ಲಿ ಅಮೆರಿಕದ ಓಹಾಯೋ ಪ್ರಾಂತದ ನಾರ್ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ಮಕ್ಕಳೂ ಉಪಾಧ್ಯಾಯರೂ ಒಮ್ಮೆಗೇ ವಾಂತಿಯಿಂದ ನರಳಿದರು. ಅಂದು ತೆಗೆದಿರಿಸಿದ್ದ ಮಲದ ಮಾದರಿಗಳಿಂದ ಆಲ್ಬರ್ಟ್ ಕಪಿಕಿಯಾನ್ ಎಂಬ ವಿಜ್ಞಾನಿಯು 1972ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಈ ವೈರಾಣುವನ್ನು ಕಂಡುಹಿಡಿದನು. ಇದು ದೇಹವನ್ನು ಹೊಕ್ಕ 12ರಿಂದ 48 ಗಂಟೆಗಳೊಳಗೆ ಓಕರಿಕೆ, ವಾಂತಿ, ಭೇದಿ, ಹೊಟ್ಟೆನುಲಿತಗಳು ತೊಡಗಿ, ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ತಾವಾಗಿಯೇ ಶಮನವಾಗುತ್ತವೆ. ಗಟ್ಟಿಮುಟ್ಟಾದ ದೇಹಕ್ಕೆ ಇದು ಕ್ಲೇಶವೇ ಹೊರತು ವಿಪತ್ತಲ್ಲ. ವೃದ್ಧರಿಗೂ ಎಳೆಯ ಮಕ್ಕಳಿಗೂ ಮಾತ್ರ ದೇಹದ ನೀರು ಬತ್ತುವ ಅಪಾಯವುಂಟು, ಮತ್ತು ವಿಹಾರನೌಕೆಗಳ ಯಾತ್ರಿಕರಲ್ಲಿ ವೃದ್ಧರೇ ಬಹಳ ಎಂಬುದನ್ನು ಇಲ್ಲಿ ಮರೆಯಲಾಗದು.

ಈ ವೈರಾಣುವಿನ ಬಲವೆಲ್ಲವೂ ಅದು ಹರಡುವ ರೀತಿಯಲ್ಲಿದೆ. ನೂರಕ್ಕಿಂತಲೂ ಕಡಮೆ ಕಣಗಳು ಹೊಟ್ಟೆಯನ್ನು ಸೇರಿದರೆ ಒಬ್ಬನನ್ನು ಮಲಗಿಸಲು ಸಾಕು. ರೋಗಿಯ ಒಂದು ವಾಂತಿಯಲ್ಲಿಯಾದರೋ ಅವು ಕೋಟಿಗಟ್ಟಲೆ ಇರುತ್ತವೆ. ಬಾಗಿಲ ಹಿಡಿ, ಲಿಫ್ಟಿನ ಗುಂಡಿ, ಬಫೆಯ ಸೌಟು ಇವುಗಳ ಮೇಲೆ ಅವು ದಿನಗಟ್ಟಲೆ ಬಾಳಬಲ್ಲವು. ಮದುವೆಯ ಮನೆಯಲ್ಲಿ ಬಡಿಸುವವನೊಬ್ಬನ ಕೈ ಶುಚಿಯಾಗಿಲ್ಲದಿದ್ದರೆ ಪಂಕ್ತಿಯೆಲ್ಲ ಹೇಗೆ ಅದರ ಫಲವನ್ನು ಉಣ್ಣಬೇಕಾಗುವುದೋ, ಹಾಗೆಯೇ ನೂರು ಜನ ಸರದಿಯಲ್ಲಿ ಮುಟ್ಟುವ ಒಂದು ಸೌಟಿನಿಂದ ಒಂದು ಅಂತಸ್ತೇ ಹಾಸಿಗೆ ಹಿಡಿಯಬಹುದು. ಇಂತಹ ಸಂದರ್ಭದಲ್ಲಿ ಭೋಜನಶಾಲೆಯವರು ಸೌಟುಗಳನ್ನು ಯಾತ್ರಿಕರ ಕೈಯಿಂದ ತೆಗೆದುಕೊಂಡು ತಾವೇ ಬಡಿಸತೊಡಗುವುದು ಆದರಕ್ಕಾಗಿಯಲ್ಲ, ಈ ಕಾರಣಕ್ಕಾಗಿ. ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಊಟದ ಮನೆಯ ಬಾಗಿಲಲ್ಲಿ ಇರಿಸಿರುವ ಮದ್ಯಸಾರದ ದ್ರವವನ್ನು ಅಂಗೈಗೆ ಸವರಿಕೊಂಡು ಶುದ್ಧರಾದೆವೆಂದು ಅನೇಕರು ಒಳಹೋಗುತ್ತಾರೆ. ಮೇದಸ್ಸಿನ ಹೊದಿಕೆಯುಳ್ಳ ಕೊರೋನಾ, ಇನ್‌ಫ್ಲುಯೆಂಜಾ ಮೊದಲಾದ ವೈರಾಣುಗಳನ್ನು ಆ ದ್ರವವು ಚೆನ್ನಾಗಿಯೇ ಕೊಲ್ಲುತ್ತದೆ. ನೋರೋವೈರಸ್ಸಿಗಾದರೋ ಅಂತಹ ಹೊದಿಕೆಯಿಲ್ಲದ ಕಾರಣ ಮದ್ಯಸಾರವು ಅದರ ಮೇಲೆ ನಂಬತಕ್ಕಷ್ಟು ಪ್ರಭಾವವನ್ನು ಬೀರಲಾರದು. ಸಾಬೂನು ಹಚ್ಚಿ, ಬೆರಳ ಸಂದುಗಳನ್ನೂ ಉಗುರುಗಳ ಅಡಿಯನ್ನೂ ಉಜ್ಜಿ, ಹರಿಯುವ ನೀರಿನಲ್ಲಿ 20 ಸೆಕೆಂಡುಗಳಾದರೂ ತೊಳೆದುಕೊಂಡರೆ ಮಾತ್ರ ಅದು ಕೈಯನ್ನು ಬಿಟ್ಟು ಹೋಗುತ್ತದೆ. ನೆಲ ಗೋಡೆಗಳನ್ನು ಶುದ್ಧಿಮಾಡಲು ಕ್ಲೋರಿನ್ ದ್ರಾವಣವೇ ಬೇಕು.

ಹಡಗುಗಳೆಂದರೆ ಈ ವಾಂತಿಭೇದಿಯ ತವರೆಂಬ ಭಾವನೆ ಬೆಳೆದಿದೆಯಾದರೂ, ಅಮೆರಿಕದಲ್ಲಿ ವರದಿಯಾಗುವ ನೋರೋವೈರಸ್ ಹಾವಳಿಗಳಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ವಿಹಾರನೌಕೆಗಳಿಗೆ ಸೇರಿದವು. ವೃದ್ಧರ ಆರೈಕೆಯ ಮನೆಗಳಲ್ಲಿಯೂ ಭೋಜನಗೃಹಗಳಲ್ಲಿಯೂ ಅದು ಎಷ್ಟೋ ಹೆಚ್ಚು. ಹಡಗಿನ ಕಾಯಿಲೆ ಲೋಕಕ್ಕೆ ಕಾಣುವುದು ಅದನ್ನು ಎಣಿಸಿ ವರದಿಮಾಡುವ ಕಟ್ಟಳೆಯಿರುವುದರಿಂದ. ಅಮೆರಿಕದ ರೋಗನಿಯಂತ್ರಣ ಕೇಂದ್ರವು 1975ರಿಂದ ನೌಕಾನೈರ್ಮಲ್ಯದ ಒಂದು ಯೋಜನೆಯನ್ನು ನಡೆಯಿಸಿಕೊಂಡು ಬಂದಿದೆ. ಅದರ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಹಡಗನ್ನು ಹತ್ತಿ ಅಡುಗೆಮನೆ, ಕುಡಿಯುವ ನೀರು, ಈಜುಕೊಳಗಳನ್ನೆಲ್ಲ ಪರೀಕ್ಷಿಸಿ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. 86ಕ್ಕಿಂತ ಕಡಮೆಯಾದರೆ ಹಡಗು ಪರೀಕ್ಷೆಯಲ್ಲಿ ಸೋತಂತೆ. ಆ ಅಂಕಗಳು ಯಾರಿಗಾದರೂ ಓದಲು ಸಿಕ್ಕುವುದರಿಂದ, ಟಿಕೆಟ್ಟು ಕೊಳ್ಳುವ ಮೊದಲು ಅವುಗಳನ್ನು ನೋಡುವುದು ಜಾಣತನ.

ಉಸಿರಿನಿಂದ ಹರಡುವ ಜಾಡ್ಯದ ಮುಂದೆ ಈ ಸಿದ್ಧತೆಗಳು ಎಷ್ಟು ದುರ್ಬಲವೆಂಬುದು 2020ರಲ್ಲಿ ಡೈಮಂಡ್ ಪ್ರಿನ್ಸೆಸ್ ಎಂಬ ನೌಕೆಯಿಂದ ಲೋಕಕ್ಕೆ ತಿಳಿಯಿತು. ಜನವರಿ 20ರಂದು ಜಪಾನಿನ ಯೊಕೊಹಾಮಾದಿಂದ ಹೊರಟ ಆ ಹಡಗಿನಿಂದ 25ರಂದು ಹಾಂಕಾಂಗಿನಲ್ಲಿ ಇಳಿದ ಒಬ್ಬ ವೃದ್ಧ ಯಾತ್ರಿಕನಿಗೆ ಕೊರೋನಾ ಸೋಂಕು ತಗುಲಿತ್ತೆಂಬುದು ಫೆಬ್ರವರಿ 1ರಂದು ದೃಢಪಟ್ಟಿತು. ಅಷ್ಟರಲ್ಲಿ ನೌಕೆಯು ವಿಯೆಟ್ನಾಂ, ತೈವಾನ್, ಒಕಿನಾವಾಗಳನ್ನು ಮುಟ್ಟಿ ಬಂದಿತ್ತು. ಭೋಜನ, ನಾಟ್ಯ, ಜೂಜುಗಳು ಎಂದಿನಂತೆಯೇ ನಡೆದಿದ್ದುವು. ಫೆಬ್ರವರಿ 3ರಂದು ಯೊಕೊಹಾಮಾಕ್ಕೆ ಮರಳಿದ ಹಡಗಿನಲ್ಲಿ 2,666 ಯಾತ್ರಿಕರೂ 1,045 ಸಿಬ್ಬಂದಿಯವರೂ ಇದ್ದರು. 5ರಂದು ಮೊದಲ ಹತ್ತು ಮಂದಿಯ ಸೋಂಕು ಪ್ರಕಟವಾದೊಡನೆ ಯಾತ್ರಿಕರೆಲ್ಲರೂ 14 ದಿನ ತಮ್ಮ ತಮ್ಮ ಕೋಣೆಗಳನ್ನು ಬಿಟ್ಟು ಹೊರಬರಕೂಡದೆಂದು ಆಜ್ಞೆಯಾಯಿತು. ಕಿಟಕಿಯೂ ಇಲ್ಲದ ಒಳಕೋಣೆಗಳಲ್ಲಿದ್ದವರಿಗೆ ದಿನದಲ್ಲಿ ಸ್ವಲ್ಪ ಹೊತ್ತು ಮೇಲಿನ ಅಂತಸ್ತಿನಲ್ಲಿ ಅಂತರವಿಟ್ಟು ನಡೆದಾಡಲು ಅವಕಾಶ ದೊರೆಯಿತು. ಇಡೀ ಪ್ರಕರಣ ಮುಗಿಯುವ ವೇಳೆಗೆ 712 ಮಂದಿಗೆ ಸೋಂಕು ತಗುಲಿತ್ತು. ಹತ್ತಕ್ಕೂ ಮಿಕ್ಕಿ ಜನ ಸತ್ತರು. ಸೋಂಕಿತರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಪರೀಕ್ಷೆಯ ಹೊತ್ತಿನಲ್ಲಿ ಯಾವ ರೋಗಲಕ್ಷಣವೂ ಇರಲಿಲ್ಲವೆಂಬುದು ವೈದ್ಯರನ್ನು ಬೆಚ್ಚಿಸಿತು. ಕೆಮ್ಮಿಲ್ಲದವನು ನಿರೋಗಿಯೆಂಬ ಹಳೆಯ ನಂಬಿಕೆ ಅಂದಿಗೆ ಮುರಿದುಬಿದ್ದಿತು.

ರೋಗ ತಲೆದೋರಿದ ದಿನಗಳನ್ನು ಜೋಡಿಸಿ ನೋಡಿದ ಜಪಾನಿನ ವಿಜ್ಞಾನಿಗಳು, ಯಾತ್ರಿಕರಲ್ಲಿ ಬಹುಮಂದಿಗೆ ಸೋಂಕು ತಗುಲಿದುದು ಬಾಗಿಲುಗಳು ಮುಚ್ಚುವುದಕ್ಕೆ ಮೊದಲೇ ಎಂದು ಕಂಡುಕೊಂಡರು. ಬಾಗಿಲು ಮುಚ್ಚಿದುದು ನಿಷ್ಫಲವಾಗಲಿಲ್ಲ. ಆದರೆ ಮುಚ್ಚಿದ ಆ ಬಾಗಿಲುಗಳ ಹೊರಗೆ ನಡೆದಾಡುತ್ತಿದ್ದವರ ಸ್ಥಿತಿಯೇನು? ಸಾವಿರ ಜನ ಸಿಬ್ಬಂದಿಗೆ ಪ್ರತ್ಯೇಕವಾಸವೆಂಬುದು ಇರಲಿಲ್ಲ. ಅವರು ಎಂದಿನಂತೆ ಅಡುಗೆ ಮಾಡಿ, ತಟ್ಟೆಗಳನ್ನು ಬಾಗಿಲಿಂದ ಬಾಗಿಲಿಗೆ ಒಯ್ದು, ಎಂಜಲು ಪಾತ್ರೆಗಳನ್ನು ಹಿಂದಕ್ಕೆ ತಂದು, ತಮ್ಮ ಸಾಮೂಹಿಕ ಊಟದ ಮನೆಯಲ್ಲಿ ಒಟ್ಟಿಗೆ ಉಂಡು, ಕೆಳ ಅಂತಸ್ತಿನ ಹಂಚಿಕೆಯ ಕೋಣೆಗಳಲ್ಲಿ ಮಲಗುತ್ತಿದ್ದರು. ಸಿಬ್ಬಂದಿಯಲ್ಲಿ ಮೊದಲು ಸೋಂಕು ದೃಢಪಟ್ಟ 20 ಜನರಲ್ಲಿ 15 ಮಂದಿ ಆಹಾರವಿಭಾಗದವರು. ಯಾತ್ರಿಕರ ಕ್ಷೇಮಕ್ಕಾಗಿ ಏರ್ಪಟ್ಟ ದಿಗ್ಬಂಧನದ ಭಾರವನ್ನೆಲ್ಲ ಹೊತ್ತವರು, ಆ ದಿಗ್ಬಂಧನದ ರಕ್ಷಣೆ ಯಾರಿಗೆ ಸಿಕ್ಕಲಿಲ್ಲವೋ ಅವರು. ಅವರಲ್ಲಿ 132 ಮಂದಿ ಭಾರತೀಯರು. ಭಾರತದ ಆರು ಯಾತ್ರಿಕರೂ ಅಲ್ಲಿದ್ದರು. ಸೋಂಕು ತಗುಲಿದ ಭಾರತೀಯರು ಜಪಾನಿನ ಆಸ್ಪತ್ರೆಗಳಲ್ಲಿ ಉಳಿದುಕೊಂಡರು. ಉಳಿದವರಲ್ಲಿ 119 ಜನ ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನದಲ್ಲಿ ದೆಹಲಿಗೆ ಬಂದಿಳಿದು, ಮಾನೇಸರದ ಸೈನ್ಯದ ಶಿಬಿರದಲ್ಲಿ ಮತ್ತೆ ಪ್ರತ್ಯೇಕವಾಸಕ್ಕೆ ಒಳಗಾದರು. ಕಪ್ತಾನ ಜೆನ್ನಾರೊ ಆರ್ಮಾ ಮಾರ್ಚ್ 1ರಂದು ಎಲ್ಲರಿಗಿಂತ ಕಡೆಯಲ್ಲಿ ಹಡಗಿನಿಂದ ಇಳಿದನು.

ಕಾಯಿಲೆಯ ಹಡಗನ್ನು ದೂರವಿರಿಸುವ ಪದ್ಧತಿ ಹೊಸದಲ್ಲ. ಆಡ್ರಿಯಾಟಿಕ್ ಸಮುದ್ರದ ತೀರದ ರಗೂಸಾ, ಎಂದರೆ ಇಂದಿನ ಡುಬ್ರೋವ್ನಿಕ್ ಪಟ್ಟಣವು, ಪ್ಲೇಗಿನ ಪ್ರದೇಶಗಳಿಂದ ಬಂದವರು ಒಂದು ತಿಂಗಳು ಹೊರಗೆ ಕಳೆದ ಹೊರತು ಊರನ್ನು ಹೊಗಬಾರದೆಂದು 1377ರಲ್ಲಿಯೇ ಶಾಸನಮಾಡಿತ್ತು. 1423ರಲ್ಲಿ ವೆನಿಸ್ ನಗರವು ದ್ವೀಪವೊಂದರಲ್ಲಿ ಪ್ಲೇಗಿನ ರೋಗಿಗಳಿಗಾಗಿ ಆಸ್ಪತ್ರೆಯನ್ನು ನಿರ್ಮಿಸಿತು. ಇಂದಾದರೋ ಹಡಗು ಎತ್ತುವ ಹಳದಿ ಬಾವುಟವು ‘ನನ್ನಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ, ಒಳಬರಲು ಅನುಮತಿ ಬೇಕು’ ಎಂಬ ಬೇಡಿಕೆಯನ್ನು ಸೂಚಿಸುತ್ತದೆ. ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿಹಾರನೌಕೆಗಳು ಬರುವುದನ್ನು ನಮ್ಮ ಕರಾವಳಿಯವರು ಬಲ್ಲರು. ಅಂತಹ ಯಾವ ನೌಕೆಯೇ ಆಗಲಿ, ಬಂದರಿನ ಆರೋಗ್ಯಾಧಿಕಾರಿಯ ಒಪ್ಪಿಗೆ ದೊರೆತ ಹೊರತು ಯಾತ್ರಿಕರನ್ನು ನೆಲಕ್ಕೆ ಇಳಿಸುವಂತಿಲ್ಲ. ಕಾಯಿಲೆಯವರಿದ್ದರೆ ಆ ಸಂಗತಿಯನ್ನು ಕಪ್ತಾನನು ಬಂದರನ್ನು ಮುಟ್ಟುವ ಮೊದಲೇ ತಿಳಿಸತಕ್ಕದ್ದೆಂದು 2005ರ ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿಯು ವಿಧಿಸುತ್ತದೆ. ಅದೇ ನಿಯಮಾವಳಿಯು ರೋಗದ ನೆಪದಿಂದ ಹಡಗನ್ನು ಸುಮ್ಮನೆ ಹಿಂದಟ್ಟಬಾರದೆಂದೂ ಹೇಳುತ್ತದೆ. ಆದರೂ 2020ರ ಫೆಬ್ರವರಿಯಲ್ಲಿ, ಸೋಂಕು ದೃಢಪಟ್ಟ ಒಬ್ಬನೂ ಇಲ್ಲದಿದ್ದ ವೆಸ್ಟರ್‌ಡಾಮ್ ಎಂಬ ನೌಕೆಯನ್ನು ಬಂದರಿನಿಂದ ಬಂದರಿಗೆ ತಿರಸ್ಕರಿಸಿ ಕಳುಹಿದರು. ಎರಡು ಸಾವಿರಕ್ಕೂ ಮಿಕ್ಕಿದ ಆ ಜನರಿಗೆ ಕೊನೆಗೆ ಫೆಬ್ರವರಿ 13ರಂದು ಬಾಗಿಲು ತೆರೆದುದು ಕಾಂಬೋಡಿಯಾದ ಸಿಹನೂಕ್‌ವಿಲ್. ಶ್ರೀಮಂತ ರಾಷ್ಟ್ರಗಳು ಹಿಂಜರಿದಲ್ಲಿ ಒಂದು ಬಡ ರಾಷ್ಟ್ರವು ತೋರಿದ ಆ ಔದಾರ್ಯವನ್ನು ಗೌರವದಿಂದ ನೆನೆಯಬೇಕು.

ಯಾತ್ರಿಕನು ಮಾಡತಕ್ಕುದೇನು? ಹೊರಡುವ ಮೊದಲು ಇನ್‌ಫ್ಲುಯೆಂಜಾದ ಲಸಿಕೆಯನ್ನು ಪಡೆಯುವುದು. ರಕ್ತದೊತ್ತಡ ಮಧುಮೇಹಗಳ ಗುಳಿಗೆಗಳನ್ನು ಪ್ರಯಾಣದ ಅವಧಿಗಿಂತ ಎರಡು ವಾರಗಳಿಗೆ ಹೆಚ್ಚಾಗಿಯೇ ಕೈಚೀಲದಲ್ಲಿ ಇರಿಸಿಕೊಳ್ಳುವುದು. ಯೊಕೊಹಾಮಾದಲ್ಲಿ ಅನೇಕ ವೃದ್ಧರ ಗುಳಿಗೆಗಳು ತೀರಿಹೋಗಿ, ಅವುಗಳನ್ನು ಒದಗಿಸುವುದೇ ಒಂದು ದೊಡ್ಡ ಕಾರ್ಯವಾಗಿ ಪರಿಣಮಿಸಿತ್ತು. ಹಡಗಿನ ಚಿಕಿತ್ಸಾಲಯದಲ್ಲಿ ವೈದ್ಯರೂ ದಾದಿಯರೂ ಕೆಲವು ಹಾಸಿಗೆಗಳೂ ಇರುತ್ತವೆಯೇ ಹೊರತು ದೊಡ್ಡ ಆಸ್ಪತ್ರೆಯ ಸೌಲಭ್ಯವನ್ನು ಅಲ್ಲಿ ನಿರೀಕ್ಷಿಸಲಾಗದು. ಅದರ ಶುಲ್ಕವೂ ಯಾತ್ರಿಕನ ಲೆಕ್ಕಕ್ಕೆ ಸೇರುತ್ತದೆ. ಆದುದರಿಂದ ವಿದೇಶದ ಚಿಕಿತ್ಸೆಯನ್ನೂ, ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸುವ ವೆಚ್ಚವನ್ನೂ ಭರಿಸುವ ವಿಮೆಯನ್ನು ಪಡೆದಿರಬೇಕು.

ಹಡಗಿನಲ್ಲಿ ವಾಂತಿಯೋ ಜ್ವರವೋ ತೋರಿದರೆ ಚಿಕಿತ್ಸಾಲಯಕ್ಕೆ ನಡೆದುಕೊಂಡು ಹೋಗದೆ ಕೋಣೆಯ ದೂರವಾಣಿಯಿಂದಲೇ ತಿಳಿಸಿ ಅಲ್ಲಿಯೇ ಉಳಿಯುವುದು ಸರಿಯಾದ ಕ್ರಮ. ಹಣ ತೆತ್ತು ಬಂದ ವಿಹಾರವು ಕೋಣೆಯೊಳಗೆ ಕಳೆದುಹೋಗುವುದೆಂಬ ವ್ಯಥೆಯಿಂದ ಹಲವರು ಮೊದಲ ದಿನ ಮರೆಮಾಚುತ್ತಾರೆ. ಆ ವ್ಯಥೆ ಸಹಜವೇ, ಆದರೆ ರೋಗವು ಅತ್ಯಧಿಕವಾಗಿ ಹರಡುವುದು ಆ ಹೊತ್ತಿನಲ್ಲಿಯೇ ಎಂಬುದರಿಂದ ಈ ಮರೆಮಾಚುವಿಕೆಯನ್ನು ನಾನು ಅಲ್ಪದೋಷವೆಂದು ಎಣಿಸಲಾರೆ. ವಾಂತಿಭೇದಿಗೆ ಮುಖ್ಯ ಔಷಧವು ಉಪ್ಪು ಸಕ್ಕರೆಗಳ ಪುನರ್ಜಲೀಕರಣ ದ್ರಾವಣ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ, ರಕ್ತನಾಳಕ್ಕೆ ಏರಿಸುವ ದ್ರವವು ತೀರುತ್ತ ಬಂದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಈ ದ್ರಾವಣವನ್ನು ಕಾಲರಾ ರೋಗಿಗಳಿಗೆ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು; ಅದರ ಪೊಟ್ಟಣಗಳು ಯಾವ ಮಹಾನೌಕೆಯ ಚಿಕಿತ್ಸಾಲಯದಲ್ಲಿಯೂ ಮೊದಲ ಸ್ಥಾನಕ್ಕೆ ಅರ್ಹವಾದುವು. ಹೊಟ್ಟೆ ತಿಳಿಯಾದ ಮೇಲೆಯೂ ಒಂದೆರಡು ದಿನ ಕೋಣೆಯನ್ನು ಬಿಡಕೂಡದು. ವೈರಾಣುವು ಗುಣವಾದವನ ಮಲದಲ್ಲಿ ಎರಡು ವಾರಗಳವರೆಗೂ ಹೊರಬೀಳುವುದುಂಟಾದ್ದರಿಂದ ಕೈತೊಳೆಯುವುದರಲ್ಲಿ ಊರಿಗೆ ಮರಳಿದ ಮೇಲೂ ಸಡಿಲು ಸಲ್ಲದು.

ಸಿಬ್ಬಂದಿಯವನು ಮರೆಮಾಚಿದರೆ ಅದಕ್ಕೆ ಕಾರಣ ಬೇರೆ. ಗೋವೆ, ಕೊಂಕಣ, ನಮ್ಮ ಕರಾವಳಿಗಳಿಂದ ಹೊರಟು ಈ ನೌಕೆಗಳ ಅಡುಗೆಮನೆಗಳಲ್ಲಿಯೂ ಊಟದ ಸಾಲೆಗಳಲ್ಲಿಯೂ ದುಡಿಯುವ ತರುಣರು ತಿಂಗಳುಗಟ್ಟಲೆಯ ಕರಾರಿನ ಮೇಲೆ ಹೋದವರು. ಜ್ವರವೆಂದು ಹೇಳಿದರೆ ಸಂಬಳ ನಿಂತೀತೆಂಬ, ಮುಂದಿನ ಕರಾರು ತಪ್ಪೀತೆಂಬ ಅಂಜಿಕೆ ಅವರದು. ಅವರೂ ಅವರ ಮನೆಯವರೂ ತಿಳಿದಿರಬೇಕಾದ ಒಂದು ಕಾನೂನಿದೆ. 2006ರ ಕಡಲ ಕಾರ್ಮಿಕ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ ಹಡಗಿನಲ್ಲಿ ದುಡಿಯುವವನ ಕಾಯಿಲೆಗೆ ಹಡಗಿನಲ್ಲಿಯೂ ಪರದೇಶದ ಬಂದರಿನಲ್ಲಿಯೂ ಚಿಕಿತ್ಸೆ ಕೊಡಿಸುವುದು ಹಡಗಿನ ಮಾಲೀಕನ ಹೊಣೆ. ಕೆಲಸಮಾಡಲಾರದಷ್ಟು ರೋಗಿಯಾದವನು ಹಡಗಿನಲ್ಲಿ ಇರುವಷ್ಟು ಕಾಲ ಪೂರ್ಣ ವೇತನಕ್ಕೆ ಅರ್ಹನು. ಊರಿಗೆ ಕಳುಹಿದ ಮೇಲೆ ಪೂರ್ತಿಯಾಗಿಯೋ ಭಾಗಶಃವೋ ಸಲ್ಲತಕ್ಕ ವೇತನದ ಹೊಣೆಗೆ ಕಾನೂನು ಮಿತಿಯನ್ನು ಹಾಕಬಹುದಾದರೂ, ಆ ಮಿತಿಯು ಕಾಯಿಲೆ ತೊಡಗಿದಂದಿನಿಂದ 16 ವಾರಗಳಿಗಿಂತ ಕಡಮೆಯಾಗಿರಕೂಡದು. ಕರಾರಿಗೆ ರುಜು ಹಾಕುವ ಮೊದಲು ಈ ಅಂಶವು ಅದರಲ್ಲಿ ಬರೆದಿದೆಯೇ ಎಂಬುದನ್ನು ಓದಿ ನೋಡಿಕೊಳ್ಳಬೇಕು. ಬರೆದಿಲ್ಲವಾದರೆ ಕೇಳಿ ಬರೆಯಿಸಿಕೊಳ್ಳಬೇಕು.